ಬುತ್ತಿ ಹುಳಿಯಾಗುವಷ್ಟು ದೂರ

ಬೆಳಗಿನ ಐದಕ್ಕೆ ಸರಿಯಾಗಿ ಅಕ್ಕ ವಿದ್ಯಾವತಿ ಬುತ್ತಿಯ ಗಂಟನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದಳು. ಅದನ್ನು ನೋಡುತ್ತ ನಿಂತ ಅಮರನಾಥನಿಗೆ ಮೊದಲು ಅನ್ನಿಸಿದ್ದು, ನಿನ್ನೆ ಸಂಜೆ ತಾನು ಜೇವರ್ಗಿಗೆ ಬರಲೇಬಾರದಿತ್ತು ಎಂದು. ಆಮೇಲೆ ಅನ್ನಿಸಿದ್ದು, ಗೋಡೆಯ ಗಡಿಯಾರ ಮೂರು ನಿಮಿಷ ಮುಂದಿದೆ ಎಂದು. ಮೊದಲನೆಯದನ್ನು ಹೇಳುವಂತಿರಲಿಲ್ಲ, ಎರಡನೆಯದನ್ನು ಹೇಳಿದ.

"ಮೂರ್ ನಿಮಿಷ ಮುಂದ ಅದ ಅಕ್ಕ, ನಿನ್ನ ಗಡಿಯಾರ."

"ಇರ್ಲಿ. ಬುತ್ತಿಗೆ ಗಡಿಯಾರ ಓದಾಕ ಬರಂಗಿಲ್ಲ," ಅಂದಳು ಅಕ್ಕ. "ನೀ ಚೀಟಿ ತಗಿ. ಹೊಂಟೇವಿ ಅಂತ ಬರ್ಕೋ."

ಅವನು ಜೇಬಿನಿಂದ ಚೀಟಿ ತೆಗೆದು, 'ಜೇವರ್ಗಿ, ಮನೆ ಬಿಟ್ಟದ್ದು, 5.00' ಎಂದು ಬರೆದ. ಬರೆದದ್ದೇ ಬಂತು, ಯಾರೂ ಎಲ್ಲಿಗೂ ಹೊರಡಲಿಲ್ಲ. ಅಕ್ಕ ಕಸಬರಿಗೆ ಹಿಡಿದು ಅಂಗಳಕ್ಕೆ ಹೋದಳು. ಅವಳ ಮಗಳು ಜಯಮಾಲಾ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಭಾವ ಶಾಂತಲಿಂಗಪ್ಪ ಮಾತ್ರ ಹಾಸಿಗೆಯಲ್ಲಿ ಎದ್ದು ಕೂತು, ಬಲು ಗಂಭೀರವಾಗಿ, "ಕಿಟಕಿ ಕಡೀ ಸೀಟು ನಂದು," ಎಂದು ಹೇಳಿ ಮತ್ತೆ ಮಲಗಿದರು. ಹೀಗೆ ಆ ಮನೆಯಲ್ಲಿದ್ದ ನಾಲ್ಕು ಮಂದಿ ಹೊಸ್ತಿಲು ದಾಟದೆಯೇ ಇಂದೂರಿಗೆ ಪ್ರಯಾಣ ಹೊರಟರು.

ಇದೆಲ್ಲ ಅಕ್ಕನ ಹಂಚಿಕೆ. ಜಯಮಾಲಾಳನ್ನು ಇಂದೂರಿನ ವರನಿಗೆ ಕೊಡಬೇಕೋ ಬೇಡವೋ ಎನ್ನುವುದು ಇವತ್ತು ಈ ಬುತ್ತಿಯಿಂದ ಇತ್ಯರ್ಥವಾಗಬೇಕು. ತಾಯಿಮನೆಯಲ್ಲಿ ಕಟ್ಟಿದ ಮೊಸರುಬುತ್ತಿ ಮಗಳ ಮನೆ ಮುಟ್ಟುವಷ್ಟರಲ್ಲಿ ಹುಳಿಯಾದರೆ ಆ ಊರಿಗೆ ಹೆಣ್ಣು ಕೊಡುವುದಿಲ್ಲ ಎಂದು ಅಕ್ಕ ಸಾರಿಬಿಟ್ಟಿದ್ದಳು. ಮೆತ್ತಗೆ ಬೇಯಿಸಿದ ಅನ್ನಕ್ಕೆ ಹಾಲು ಹಾಕಿ, ಒಂದೇ ಚಮಚ ಮೊಸರು ಬೆರೆಸಿ, ಡಬ್ಬಿ ಮುಚ್ಚಿ, ಬಿಳಿ ಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗುತ್ತದೆ. ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. "ಯಾರ ಮನಿ ಪದ್ಧತಿ ಇದು? ನಾ ಕೇಳೇ ಇಲ್ಲಲ್ಲ," ಎಂದು ಅಮರನಾಥ ನಿನ್ನೆ ಊಟಕ್ಕೆ ಕೂತಾಗ ಕೇಳಿದ್ದ. "ಅವ್ವಂದು," ಎಂದಿದ್ದಳು ಅಕ್ಕ, ಅವನ ತಟ್ಟೆಗೆ ಸಾರು ಬಡಿಸುತ್ತ. ಅವ್ವನ ಪದ್ಧತಿಗಳೆಲ್ಲ ಅವನಿಗೆ ಗೊತ್ತಿದ್ದವು. ಸೋಮವಾರ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಯಾರಿಗೂ ಏನೂ ಕೊಡುತ್ತಿರಲಿಲ್ಲ, ಹೊರಟವರನ್ನು ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಬುತ್ತಿಯ ಮಾತನ್ನು ಅವಳ ಬಾಯಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ. ಆದರೆ ಅವ್ವನ ವಿಷಯ ಬಂದಾಗ ಅಕ್ಕನೊಂದಿಗೆ ವಾದ ಮಾಡುವ ಹಕ್ಕು ತನಗೆ ಉಳಿದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಸಾರು ಕಲಸಿಕೊಂಡು ಸುಮ್ಮನೆ ಉಂಡಿದ್ದ.

ತಪ್ಪಾದದ್ದು ಮೂರು ವಾರದ ಹಿಂದೆ, ಫೋನಿನಲ್ಲಿ. ಅಮರನಾಥ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆದು ಸಹಿ ಹಾಕುವುದು ಅವನ ಕೆಲಸ. ಕಡಗಂಚಿ ಎಷ್ಟು, ಮಟಕಿ ಎಷ್ಟು, ಅಫಜಲಪುರಕ್ಕೆ ಯಾವ ದಾರಿ ಹಿಡಿದರೆ ಎಷ್ಟು ಎಂದು ಯಾರು ಕೇಳಿದರೂ ತಲೆ ಎತ್ತದೆ ಹೇಳುತ್ತಿದ್ದ. ತಲೆ ಎತ್ತದೆ ಹೇಳುವುದರಲ್ಲೇ ಅವನ ಘನತೆಯೆಲ್ಲ ಇತ್ತು. ಜಯಮಾಲಾ ಕಡಗಂಚಿಯ ಯೂನಿವರ್ಸಿಟಿಯಲ್ಲಿ ಎಮ್ಮೆಸ್ಸಿ ಓದುವಾಗ ಎರಡು ವರ್ಷ ಅವನ ಮನೆಯಲ್ಲೇ ಇದ್ದಳು. ದಿನಾ ಎಂಟೂ ಹತ್ತರ ಬಸ್ಸಿಗೆ ಅವನೇ ಹತ್ತಿಸುತ್ತಿದ್ದ, ಅವಳು ಬರುವುದು ತಡವಾದರೆ ಎಂಟೂ ಹದಿಮೂರಕ್ಕೆ ಬಿಟ್ಟು ಎಂಟೂ ಹತ್ತು ಎಂದು ಬರೆಯುತ್ತಿದ್ದ. ಗೊಬ್ಬೂರದ ಸೂರ್ಯಕಾಂತನ ಮಗ ದೇವಾನಂದನ ಪರಿಚಯ ಅವಳಿಗಾದದ್ದು ಅದೇ ಬಸ್ಸಿನಲ್ಲಿ. ಹುಡುಗ ಈಗ ಇಂದೂರಿನ ಬೇಳೆ ಮಿಲ್ಲಿನಲ್ಲಿದ್ದಾನೆ. ತೊಗರಿಯನ್ನು ಅಂಗೈಯಲ್ಲಿ ಹಿಡಿದು ಅದರಲ್ಲಿ ಎಷ್ಟು ಹಸಿ ಇದೆ ಎಂದು ಹೇಳುವುದು ಅವನ ಕೆಲಸ. "ಮಾಮಾ, ನೀ ಹೇಳಿದ್ರ ಅವ್ವ ಕೇಳ್ತಾಳ," ಎಂದು ಜಯಮಾಲಾ ಗಂಟುಬಿದ್ದಿದ್ದಳು. ನಾನು ಹೇಳಿದರೆ ನಿಮ್ಮವ್ವ ಕೇಳುತ್ತಾಳೋ ಇಲ್ಲವೋ ಎನ್ನುವುದು ನನಗೇ ಗೊತ್ತಿಲ್ಲ ಮಗಳೇ, ಎಂದು ಅವನು ಹೇಳಬೇಕಿತ್ತು. ಹೇಳಲಿಲ್ಲ. ಮೀಸೆ ತಿರುವಿ ಫೋನು ಹಚ್ಚಿದ.

"ಎಷ್ಟ್ ದೂರ ಆಗ್ತದೋ ಅದು, ಇಂದೂರು?" ಎಂದು ಅಕ್ಕ ಕೇಳಿದ್ದಳು.

"ಒಂದು ತಾಸು ಇಪ್ಪತ್ತೈದು ನಿಮಿಷ, ವಿಮಾನದಾಗ. ನಾ ಆಳಂದದಿಂದ ನಿಮ್ಮ ಮನಿಗೆ ಬರೂದ್ರಾಗ ಅಕಿ ಒಂದ್ ಸಲ ಹೋಗಿ ಹೊಳ್ಳಿ ಬಂದಿರ್ತಾಳ."

ಲೋಕದಲ್ಲಿ ಹೋಲಿಸಲು ಎಷ್ಟೋ ಊರುಗಳಿದ್ದವು; ತಾನು ಆಳಂದ ಜೇವರ್ಗಿಯನ್ನೇ ಯಾಕೆ ಹಿಡಿದೆ ಎಂದು ಅವನು ಫೋನು ಕಿವಿಗೆ ಹಿಡಿದುಕೊಂಡೇ ಬೆವೆತ.

"ಎಲ್ಲಿಂದ ಒಂದು ತಾಸು ಇಪ್ಪತ್ತೈದು ನಿಮಿಷ?" ಎಂದಳು ಅಕ್ಕ.

"ಹೈದರಾಬಾದಿನಿಂದ."

"ನಾವು ಹೈದರಾಬಾದಿನಾಗ ಇಲ್ಲಲ್ಲೋ, ತಮ್ಮಾ. ನಮ್ಮ ಹೊಸ್ತಿಲದಿಂದ ಅವ್ರ ಹೊಸ್ತಿಲಕ್ಕ ಎಷ್ಟು, ಅದನ್ನ ಬರ್ಕೊಂಡು ಬಾ."

ಬರೆದುಕೊಂಡು ಬಂದಿದ್ದ. ಜೇವರ್ಗಿಯಿಂದ ಕಲಬುರಗಿ, ಹುಮನಾಬಾದ, ಜಹೀರಾಬಾದ, ಅಲ್ಲಿಂದ ಶಂಷಾಬಾದದ ವಿಮಾನ ನಿಲ್ದಾಣ, ಅಲ್ಲಿ ಎರಡು ತಾಸು ಕಾಯುವುದು, ಹಾರುವುದು, ಇಳಿಯುವುದು, ಚೀಲ ಬರುವತನಕ ನಿಲ್ಲುವುದು, ಆಟೋ. ಕೂಡಿಸಿದರೆ ಹತ್ತು ತಾಸು ನಲವತ್ತೈದು ನಿಮಿಷ. ಅದರಲ್ಲಿ ಆಕಾಶದ ಪಾಲು ಒಂದು ತಾಸು ಇಪ್ಪತ್ತೈದು ನಿಮಿಷ ಮಾತ್ರ, ಉಳಿದದ್ದೆಲ್ಲ ನೆಲದ್ದು. ಚೀಟಿ ನೋಡಿದ ಜಯಮಾಲಾ ಮೊಬೈಲಿನ ನಕಾಶೆಯ ಮೇಲೆ ಗೆರೆ ಎಳೆದು ಇನ್ನೊಂದು ಗಮ್ಮತ್ತು ತೋರಿಸಿದಳು. ಕಾಗೆ ಹಾರಿದ ಹಾಗೆ ಅಳೆದರೆ ಹೈದರಾಬಾದಿಗಿಂತ ಜೇವರ್ಗಿಯೇ ಇಂದೂರಿಗೆ ಇಪ್ಪತ್ತು ಮೂವತ್ತು ಕಿಲೋಮೀಟರು ಹತ್ತಿರವಂತೆ. "ಅಂದ್ರ ಹತ್ರ ಹೋಗಬೇಕಂದ್ರ ಪೈಲೆ ದೂರ ಹೋಗಬೇಕು," ಅಂದಳು ಅಕ್ಕ, ಅವನ ಕಡೆ ನೋಡದೆ. ಅವಳು ವಿಮಾನದ ವಿಷಯವನ್ನೇ ಮಾತಾಡುತ್ತಿದ್ದಾಳೆ ಎಂದು ಅವನು ತನಗೆ ತಾನೇ ಎರಡು ಸಲ ಹೇಳಿಕೊಂಡ.

ಐದೂ ಇಪ್ಪತ್ತಕ್ಕೆ ಅವನು ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತಿದ್ದ. ಅಕ್ಕ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು.

"ಎಲ್ಲಿಗೆ ಬಂದ್ವೋ?"

"ಕಟ್ಟಿಸಂಗಾವಿ," ಅಂದ. ಅಂದ ಮೇಲೆ ತಾನು ಏನು ಅಂದೆ ಎಂದು ಗೊತ್ತಾಗಿ ಚಹಾದ ಲೋಟವನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟ.

"ಸೇತುವೆ ಮ್ಯಾಲ ನೀರ ಅದ ಏನು?"

"ಬ್ಯಾಸಗಿ ಅಲ್ಲ ಅಕ್ಕ. ನೀರ ಎಲ್ಲಿದು."

"ಹಂಗಾರ ಬಸ್ ಹೋಗ್ತದ," ಎಂದು ಅವಳು ಮತ್ತೆ ಬಗ್ಗಿ ನೀರು ಚಿಮುಕಿಸತೊಡಗಿದಳು.

ಅವಳ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಆ ಮುಖವನ್ನು ಅಮರನಾಥ ಏಳು ವರ್ಷದಿಂದ ಓದಲು ನೋಡುತ್ತಿದ್ದಾನೆ. ಏಳು ವರ್ಷದ ಹಿಂದಿನ ಮಾತು, ಆಗಸ್ಟ್ ತಿಂಗಳು. ಅವ್ವ ಶಾರದಾಬಾಯಿ ಬಿದ್ದು ಕಾಲು ಮುರಿದುಕೊಂಡು, ಆರೈಕೆಗೆಂದು ಅಕ್ಕನ ಮನೆಗೆ ಬಂದವಳು, ಇದೇ ಪಡಸಾಲೆಯಲ್ಲಿ, ಈಗ ಭಾವ ಮಲಗಿರುವ ಜಾಗದಲ್ಲೇ ಮಲಗಿದ್ದಳು. ಬೆಳಿಗ್ಗೆ ಆರಕ್ಕೆ ಅಕ್ಕನ ಫೋನು: ಅವ್ವ ನಿನ್ನ ಕೇಳಾಕತ್ಯಾಳ, ಹೊಂಟು ಬಾ. ಹೊರಡಲು ಅವನಿಗೆ ಏನು ಅಡ್ಡಿಯಿತ್ತು? ಅರ್ಧ ತಾಸಿಗೊಂದು ಕಲಬುರಗಿ ಬಸ್ಸು ಬಿಡುವವನು ಅವನೇ. ಆದರೆ ಅವತ್ತು ಹನ್ನೊಂದಕ್ಕೆ ದೊಡ್ಡ ಸಾಹೇಬರು ಆಳಂದದ ಸ್ಟ್ಯಾಂಡು ನೋಡಲು ಬರುವವರಿದ್ದರು. ಆ ವರ್ಷ ಒಂದೂ ಬಸ್ಸು ತಡವಾಗಿ ಬಿಟ್ಟಿಲ್ಲ ಎಂದು ಅವನಿಗೆ ಒಂದು ಪ್ರಶಸ್ತಿಪತ್ರ ಕೊಡುವುದೆಂದೂ ಫೋಟೋ ತೆಗೆಯುವುದೆಂದೂ ಠರಾವಾಗಿತ್ತು. ಹನ್ನೆರಡಕ್ಕೆ ಮುಗಿಸಿ ಹೊರಟರೆ ಮೂರಕ್ಕೆ ಜೇವರ್ಗಿ, ಎಂದು ಅವನು ಲೆಕ್ಕ ಹಾಕಿದ. ಲೆಕ್ಕ ಸರಿಯಿತ್ತು. ಲೆಕ್ಕ ಹಾಕುವಾಗಲೇ ಬಾಯಿ ಫೋನಿನಲ್ಲಿ ಬೇರೆ ಏನೋ ಹೇಳಿಬಿಟ್ಟಿತು. "ಅಕ್ಕ, ಕಟ್ಟಿಸಂಗಾವಿ ಸೇತುವೆ ಮ್ಯಾಲ ಹೊಳಿ ಬಂದದ. ಬಸ್ ಬಂದ್ ಆಗ್ಯಾವ."

ಸಾಹೇಬರು ಅವತ್ತು ಬರಲಿಲ್ಲ, ಮರುದಿನ ಮಧ್ಯಾಹ್ನ ಬಂದರು. ಸೇತುವೆ ಮೇಲೆ ನೀರು ಬಂದಿದೆ ಎಂದವನು ಸಂಜೆಯೇ ಹೇಗೆ ಹೋಗುವುದು? ಜೇವರ್ಗಿ ಕಡೆಯಿಂದ ಬಂದ ಒಬ್ಬೊಬ್ಬ ಡ್ರೈವರನನ್ನೂ ಅವನು ಕಿಟಕಿಗೆ ಕರೆದು ಕೇಳಿದ: ಭೀಮೆ ಎಷ್ಟು ಏರಿದೆ? "ಇನ್ನೂ ಭಾಳ ಕೆಳಗದರಿ ಸಾಹೇಬ್ರ, ಏನ್ ಅಂಜಬ್ಯಾಡ್ರಿ," ಎಂದು ಅವರು ಸಮಾಧಾನ ಹೇಳುತ್ತಿದ್ದರು. ಪ್ರತಿ ಸಮಾಧಾನಕ್ಕೂ ಅವನ ಎದೆ ಕುಸಿಯುತ್ತಿತ್ತು. ಎರಡು ದಿನ ಅವನು ಬಸ್ಸುಗಳಿಗೆ ಸಹಿ ಹಾಕುತ್ತ, ಹೊಳೆ ಒಂದು ಗೇಣಾದರೂ ಸೇತುವೆಯ ಮೇಲೆ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಊರು ಮುಳುಗುವುದು ಬೇಡ, ಬೆಳೆ ಹೋಗುವುದು ಬೇಡ, ಒಂದೇ ಗೇಣು. ಬರಲಿಲ್ಲ. ಮೂರನೆಯ ದಿನ ಅವನು ಜೇವರ್ಗಿಗೆ ಬಂದಾಗ ಜೀವ ಹೋದ ಅವ್ವನನ್ನು ಕೂಡಿಸಿ ಹಣೆ ತುಂಬ ವಿಭೂತಿ ಹಚ್ಚಿದ್ದರು. ಬಂದವರೆಲ್ಲ ಏನೇನೋ ಕೇಳಿದರು. ನೀರು ಇಳಿಯಿತೇ ಎಂದು ಅಕ್ಕನೂ ಕೇಳಲಿಲ್ಲ, ಭಾವನೂ ಕೇಳಲಿಲ್ಲ. ಕೇಳಿದರೆ ಹೇಳಲು ಒಂದು ಉತ್ತರವನ್ನು ಅವನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆ ಉತ್ತರ ಇನ್ನೂ ಅವನ ಹತ್ತಿರವೇ ಇದೆ.

"ಮಾಮಾ, ಹುಮನಾಬಾದ ಬಂತೇನು? ನಾಷ್ಟಾ ಇಲ್ಲೇ ಮಾಡೂದಲ್ಲ?" ಎಂದು ಜಯಮಾಲಾ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಳು. ಏಳೂವರೆ ಆಗಿತ್ತು. ಅಕ್ಕ ಬುತ್ತಿಯನ್ನು ಗೂಟದಿಂದ ಇಳಿಸಿ ಬಿಸಿಲು ಬಿದ್ದ ಕಟ್ಟೆಯ ಮೇಲೆ ಇಡುತ್ತಿದ್ದಳು. "ಬಸ್ಸಿನಾಗ ನೆರಳಿರ್ತದೇನು? ತಗಡು ಕಾದಿರ್ತದ," ಎಂದಳು. ಜಯಮಾಲಾ ಸೀಟಿನ ಕೆಳಗೆ ಇಡಬಹುದು ಎಂದು ವಾದ ಹೂಡಿದಳು. ತೀರ್ಪಿಗೆ ಇಬ್ಬರೂ ಅಮರನಾಥನ ಕಡೆ ತಿರುಗಿದರು. ಅವನು ಗಂಟಲು ಸರಿಪಡಿಸಿಕೊಂಡು, ಕಿಟಕಿ ತೆಗೆದಿದ್ದರೆ ಗಾಳಿ ಆಡುತ್ತದೆ, ಆದ್ದರಿಂದ ಅರ್ಧ ಬಿಸಿಲು ಅರ್ಧ ನೆರಳು ಎಂದು ಹೇಳಿದ. ಇಬ್ಬರೂ ಒಪ್ಪಿದರು. ಆ ಕ್ಷಣ ಅವನಿಗೆ ತನ್ನ ಇಪ್ಪತ್ತೆರಡು ವರ್ಷದ ನೌಕರಿಗಿಂತ ಹೆಚ್ಚಿನ ಸುಖವಾಯಿತು, ಸುಳ್ಳೇಕೆ ಹೇಳಬೇಕು.

ಜಹೀರಾಬಾದ ದಾಟಿದ ಮೇಲೆ ಪಕ್ಕದ ಮನೆಯ ಪ್ಯಾರಿಬಿ ಹೆಪ್ಪು ಕೇಳಲು ಬಂದಳು. ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿರುವ ಬುತ್ತಿ, ಚೀಟಿ ಹಿಡಿದ ಗಂಡಸು, ಇವನ್ನೆಲ್ಲ ನೋಡಿ ವಿಷಯ ಕೇಳಿಕೊಂಡಳು. ನಗಲಿಲ್ಲ. ಒಳಗೆ ಬಂದು ಕೂತೇಬಿಟ್ಟಳು.

"ಹೌದ್ರಿ ಅಕ್ಕಾರ, ನೋಡಬೇಕು. ಅಂದಾಜಿನ ಮ್ಯಾಲ ಲಡಕೀನ ಕೊಡಂಗಿಲ್ಲ," ಎಂದಳು. ಆಮೇಲೆ ಅಮರನಾಥನಿಗೆ: "ತಮ್ಮಾರು ಎಷ್ಟ್ ಸಲ ಕುಂತೀರ್ರಿ ಇಮಾನದಾಗ?"

ಅವನು ಚೀಟಿಯನ್ನು ಒಮ್ಮೆ ಮಡಚಿ ಒಮ್ಮೆ ಬಿಚ್ಚಿದ. ಊರೆಲ್ಲ ಬಸ್ಸಿಗೆ ಹತ್ತಿಸಿದವನು ವಿಮಾನದ ಮೆಟ್ಟಿಲನ್ನೂ ಹತ್ತಿರದಿಂದ ನೋಡಿರಲಿಲ್ಲ. "ಕುಂತಿಲ್ರಿ," ಅಂದ, ತಲೆ ಎತ್ತದೆ. ಈ ಸಲ ತಲೆ ಎತ್ತದಿರುವುದರಲ್ಲಿ ಘನತೆ ಏನೂ ಇರಲಿಲ್ಲ.

"ನಾ ಕುಂತೇನಲ್ರಿ. ಮಕ್ಕಾಕ್ಕ ಉಮ್ರಾ ಮಾಡಾಕ ಹೋದಾಗ ಶಂಷಾಬಾದದಿಂದಾನ ಹೋಗೀನಿ," ಎಂದಳು ಪ್ಯಾರಿಬಿ, ಮತ್ತು ಅಲ್ಲಿಂದ ಮುಂದೆ ಪ್ರಯಾಣದ ಯಜಮಾನಿಕೆ ಅವಳ ಕೈಗೆ ಹೋಯಿತು. ಹತ್ತೂ ಮುಕ್ಕಾಲಿಗೆ ಎಲ್ಲರೂ ವಿಮಾನ ನಿಲ್ದಾಣ ಮುಟ್ಟಿದಾಗ ಅವಳು ಪಡಸಾಲೆಯ ನಡುಬಾಗಿಲಲ್ಲಿ ಕಾಲು ಅಗಲಿಸಿ ನಿಂತು ತಪಾಸಣೆ ಶುರುಮಾಡಿದಳು. ಅಕ್ಕನ ಎರಡೂ ಕೈ ಎತ್ತಿಸಿ ಮೈ ತಡವಿದಳು. ಅಕ್ಕನಿಗೆ ಕಚಗುಳಿ, ನಕ್ಕು ನಕ್ಕು ಗೋಡೆ ಹಿಡಿದಳು. ಅಕ್ಕ ಹೀಗೆ ನಗುವುದನ್ನು ಅಮರನಾಥ ಏಳು ವರ್ಷದಲ್ಲಿ ನೋಡಿರಲಿಲ್ಲ. ಅವನ ಸರದಿ ಬಂದಾಗ ಬೆಲ್ಟು ಬಿಚ್ಚಬೇಕೆಂದು ಹುಕುಂ ಆಯಿತು. ಖರೇನೋ ಸುಳ್ಳೋ ಗೊತ್ತಿಲ್ಲದೆ ಬಿಚ್ಚಿ ಜೋಳ ಕೇರುವ ಮೊರದಲ್ಲಿ ಇಟ್ಟ, ಮತ್ತು ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದು ಅಡುಗೆಮನೆಯತನಕ ನಡೆದ. ಭಾವ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಲಿಂಗ ಬಿಚ್ಚಿ ಮೊರದಾಗ ಇಡಂಗಿಲ್ಲವಾ ಪ್ಯಾರಿಬಿ. ನೀವು ಹೋಗಿ ಬರ್ರಿ, ನಾ ಇಲ್ಲೇ ಇರ್ತೇನಿ," ಎಂದು ನಿಲ್ದಾಣದಲ್ಲೇ ಉಳಿದು, ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಬುತ್ತಿಗೂ ತಪಾಸಣೆ ಆಯಿತು. "ಮೊಸರು ಬಿಡ್ತಾರೋ ಇಲ್ಲೋ ಅಂತ ಡೌಟ್ ಅದರಿ," ಅಂದ ಪ್ಯಾರಿಬಿ ಜಯಮಾಲಾಳ ಮುಖ ನೋಡಿ, "ಅನ್ನದಾಗ ಕಲಸೇದ, ನಡೀರಿ ನಡೀರಿ," ಎಂದು ಒಳಗೆ ಬಿಟ್ಟುಬಿಟ್ಟಳು.

ದೊಡ್ಡ ಜಗಳ ಆದದ್ದು ಆಕಾಶದಲ್ಲಿ. ಹನ್ನೆರಡೂ ಐವತ್ತಕ್ಕೆ ವಿಮಾನ ಏರಿದ ಕೂಡಲೇ ಜಯಮಾಲಾ ಬುತ್ತಿಯನ್ನು ಫ್ರಿಜ್ಜಿಗೆ ಇಡಲು ಎತ್ತಿಕೊಂಡಳು. ಮೂವತ್ತೈದು ಸಾವಿರ ಅಡಿ ಮೇಲೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿರುತ್ತದೆ, ಅವಳು ಅದನ್ನೆಲ್ಲ ಓದಿದವಳು. ಅಕ್ಕ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಅದು ಹೊರಗ ಬೇ. ನಾವೇನು ವಿಮಾನದ ಮ್ಯಾಲ ಕುಂತು ಹೊಂಟೇವೇನು?" ಮಗಳು ತಾಯಿ ಇಬ್ಬರೂ ಡಬ್ಬಿಯ ಒಂದೊಂದು ಕಡೆ ಹಿಡಿದಿದ್ದರು. ಆಟವಾಡುತ್ತಿದ್ದ ಜಯಮಾಲಾಳ ಕಣ್ಣಲ್ಲಿ ನೀರು ನಿಂತಿರುವುದನ್ನು ಅಮರನಾಥ ಆಗ ಕಂಡ. ಹುಡುಗಿ ಬೆಳಗಿನಿಂದ ನಗುತ್ತಲೇ ಇದ್ದಳು, ಉಪ್ಪಿಟ್ಟು ಕೊಟ್ಟಳು, ಊರುಗಳ ಹೆಸರು ಕೂಗಿದಳು. ಅಷ್ಟು ಹೊತ್ತೂ ಅವಳ ಜೀವ ಈ ಡಬ್ಬಿಯಲ್ಲಿ ಕೂತಿತ್ತು. ಅವನಿಗೆ ನಾಚಿಕೆಯಾಯಿತು. ಕೊನೆಗೆ ಪ್ಯಾರಿಬಿಯೇ ರಾಜಿ ಮಾಡಿಸಿದಳು. ವಿಮಾನದೊಳಗೆ ತಂಪಿರುತ್ತದೆ, ಆದರೆ ಹಲ್ಲು ಕಟಕಟಿಸುವಷ್ಟಲ್ಲ. ಒಂದು ತಾಸು ಇಪ್ಪತ್ತೈದು ನಿಮಿಷ ಬುತ್ತಿ ಕೂಲರಿನ ಮುಂದೆ ಇರಲಿ. ಹಾಗೇ ಆಯಿತು. ಕೂಲರಿನ ಮುಂದೆ ಬುತ್ತಿ, ಬುತ್ತಿಯ ಹಿಂದೆ ಸಾಲಾಗಿ ನಾಲ್ಕು ಮಂದಿ. ಅಕ್ಕನಿಗೆ ತೂಕಡಿಕೆ ಬಂದು ತಲೆ ಮೆಲ್ಲಗೆ ಅಮರನಾಥನ ಹೆಗಲಿಗೆ ತಾಗಿತು. ಅವನು ಹೆಗಲು ಅಲುಗಿಸದೆ ಕೂತ. ಅವ್ವನಿಗೆ ಪಡಸಾಲೆಯಲ್ಲಿ ಕೂತೇ ನಿದ್ದೆ ಹೋಗುವ ರೂಢಿಯಿತ್ತು, ಹೀಗೇ ಒಂದು ಕಡೆಗೆ ವಾಲುತ್ತಿದ್ದಳು. ಇನ್ನು ಐದು ನಿಮಿಷ ಹಾರಿದರೆ ಹೇಳಿಬಿಡುತ್ತೇನೆ ಎಂದುಕೊಂಡ. ಐದು ನಿಮಿಷ ಹಾರಿತು. ಇನ್ನೊಂದು ಐದು ನಿಮಿಷ ಎಂದುಕೊಂಡ. ಎರಡೂ ಹದಿನೈದಕ್ಕೆ ಜಯಮಾಲಾ, "ಇಳೀತು," ಎಂದಳು. ಅಕ್ಕ ಕಣ್ಣು ಬಿಟ್ಟಳು.

ಇಂದೂರಿನಲ್ಲಿ ಬಿಸಿಲೋ ಬಿಸಿಲು. ದೇವಾನಂದನಿಗೆ ಫೋನು ಮಾಡಿ ಕೇಳಿ ಖಾತ್ರಿ ಮಾಡಿಕೊಂಡು ಅಕ್ಕ ಬುತ್ತಿಯನ್ನು ಮತ್ತೆ ಕಟ್ಟೆಯ ಮೇಲೆ ಇಟ್ಟಳು. ಮೂರೂ ಮುಕ್ಕಾಲಿಗೆ ಅಮರನಾಥ 'ಇಂದೂರು, ಮನೆ ಮುಟ್ಟಿದ್ದು' ಎಂದು ಬರೆದ. ಎಲ್ಲರೂ ಪಡಸಾಲೆಯಲ್ಲಿ ಸುತ್ತಗಟ್ಟಿ ಕೂತರು. ನಿಲ್ದಾಣದಲ್ಲಿ ಉಳಿದಿದ್ದ ಭಾವನೂ ಎದ್ದು ಬಂದರು. ಅಕ್ಕ ಗಂಟು ಬಿಚ್ಚಿ, ಡಬ್ಬಿಯನ್ನು ಅವನ ಮುಂದೆ ಸರಿಸಿದಳು.

"ಸೋದರಮಾವ ನೀ. ಪೈಲೆ ನೀ ರುಚಿ ನೋಡು. ನೀ ಹೇಳಿದ್ದ ಖರೇ."

ಮುಚ್ಚಳ ತೆಗೆಯುವಾಗಲೇ ವಾಸನೆ ಹೇಳಿತು. ಆದರೂ ಒಂದು ತುತ್ತು ಬಾಯಿಗೆ ಹಾಕಿಕೊಂಡ. ಹುಳಿ ನಾಲಗೆಯ ಎರಡೂ ಅಂಚು ಹಿಡಿದು ಕಿವಿಯ ಹಿಂದಿನತನಕ ಹೋಯಿತು. ಎದುರಿಗೆ ಜಯಮಾಲಾಳ ಕಣ್ಣು. ಎಂಟೂ ಹದಿಮೂರಕ್ಕೆ ಬಿಟ್ಟದ್ದನ್ನು ಎಂಟೂ ಹತ್ತು ಎಂದು ಬರೆದವನಿಗೆ ಇದೇನು ದೊಡ್ಡ ಮಾತು? 'ಛಲೋ ಅದ' ಎಂಬ ಎರಡು ಮಾತು ಬಾಯಿಯ ತುದಿಗೆ ಬಂದು ನಿಂತವು. ಅವು ನಿಂತ ಜಾಗ ಅವನಿಗೆ ಪರಿಚಯದ್ದು. ಏಳು ವರ್ಷದ ಹಿಂದೆ ಸೇತುವೆಯ ಮೇಲೆ ನೀರು ಬಂದದ್ದು ಅಲ್ಲಿಂದಲೇ.

"ಹುಳಿ ಆಗ್ಯದ ಅಕ್ಕ," ಅಂದ.

"ಮಾಮಾ!" ಎಂದಳು ಜಯಮಾಲಾ. ಅಷ್ಟೇ ಎಂದಳು, ಎದ್ದು ಹೋಗಲಿಲ್ಲ. ಪ್ಯಾರಿಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ತಾನೂ ಒಂದು ತುತ್ತು ತಿಂದು ತಲೆ ಆಡಿಸಿದಳು. ಇನ್ನೇನು ಅವಳು ತೀರ್ಪು ಹೇಳಬೇಕು, ಅಷ್ಟರಲ್ಲಿ ಅಮರನಾಥನ ಬಾಯಿ, ಅವನನ್ನು ಕೇಳದೆ, ಎರಡನೆಯ ಸಲ ತಾನೇ ಮಾತಾಡತೊಡಗಿತು.

"ಬುತ್ತಿ ಮಾತ ಕೇಳಬ್ಯಾಡ ಅಕ್ಕ. ಬುತ್ತಿ ದಾರಿ ಅಳೀತದ, ಮನಶ್ಯಾನ ಅಳ್ಯಾಂಗಿಲ್ಲ. ಆಳಂದಕ್ಕೂ ಜೇವರ್ಗಿಗೂ ಎಂಬತ್ತೆರಡು ಕಿಲೋಮೀಟರ. ಅರ್ಧ ತಾಸಿಗೊಂದು ಬಸ್ಸು, ಬಿಡಾಂವ ನಾನ. ಎರಡು ದಿನ ಬರ್ಲಿಲ್ಲ ನಾ. ಅವತ್ತ ಸೇತುವೆ ಮ್ಯಾಲ ನೀರ ಇರ್ಲಿಲ್ಲಕ್ಕ. ನಾ ಸುಳ್ಳ ಹೇಳ್ದೆ. ಒಂದು ಕಾಗದಾ ಕೊಡ್ತಾರಂತ, ಫೋಟೋ ತಗೀತಾರಂತ ನಿಂತೆ. ಹತ್ರ ಇದ್ದಾಂವ ನಾನೇ ಬರ್ಲಿಲ್ಲ. ಇಂದೂರ ದೂರ ಅಂತ ಇಕೀನ ಯಾಕ ಹಿಡೀತೀ?"

ಅವನು ನೆಲ ನೋಡುತ್ತ ಕೂತ.

"ಗೊತ್ತದ," ಅಂದಳು ಅಕ್ಕ.

"ಏನ್ ಗೊತ್ತದ?"

"ನೀರ ಇರ್ಲಿಲ್ಲಂತ. ನೀ ಫೋನಿನಾಗ ಹೇಳೂ ಹೊತ್ತಿಗೆ ಇವ್ರು ಅದ ಸೇತುವೆ ಮ್ಯಾಲ ಇದ್ರು, ಅವ್ವನ ಔಷಧ ತರಾಕ ಕಲಬುರಗಿಗೆ ಹೊಂಟಿದ್ರು. ಹೋಗಿ ಹೊಳ್ಳಿ ಬಂದ್ರು ಮಧ್ಯಾನಕ್ಕ."

ಭಾವ ಕರಡಿಗೆ ಮುಟ್ಟಿಕೊಂಡು, ಅಪರಾಧ ತಮ್ಮದೇ ಎನ್ನುವ ಹಾಗೆ ತಲೆ ತಗ್ಗಿಸಿದರು. "ನೀರ ಭಾಳ ಕೆಳಗ ಇತ್ತಪಾ," ಎಂದರು.

"ನೀ ಬರ್ತೀ ಅಂತ ಅವ್ವ, ನಾ ನಿನಗ ಫೋನ್ ಹಚ್ಚೂಕಿಂತ ಮೊದ್ಲ, ನನ್ನ ಕೈಲೆ ಬುತ್ತಿ ಕಲಸಿಸಿದ್ಳು," ಎಂದಳು ಅಕ್ಕ. ಅವಳ ದನಿ ಏರಲಿಲ್ಲ. "ಅಮರ ಬರೂದ್ರಾಗ ಹದಾ ಆಗ್ತದ, ಅವ್ನಿಗೆ ಹುಳಿ ಸೇರಂಗಿಲ್ಲ, ಹಾಲ ಜಾಸ್ತಿ ಹಾಕು ಅಂದ್ಳು. ಸಂಜೀಕ ಒಮ್ಮೆ ಮೂಸಿ ನೋಡಿದ್ಳು. ಮುಂಜಾನೆ ಒಮ್ಮೆ ಮೂಸಿ ನೋಡಿದ್ಳು. ಹುಳಿ ಆತಲ್ಲ ವಿದ್ಯಾ, ಭಾಳ ದೂರ ಇರ್ಬೇಕು ಅಂವಾ, ಅಂದ್ಳು. ಅದ ಅಕಿ ಕಡೀ ಮಾತು. ಪದ್ಧತಿ ಅವ್ವಂದು ಅಂತ ನಾ ಹೇಳಿದ್ದು ಸುಳ್ಳಲ್ಲ."

ಅಮರನಾಥನಿಗೆ ಅಳಬೇಕೆನ್ನಿಸಿತು, ಬೆಲ್ಟಿಲ್ಲದ ಪ್ಯಾಂಟಿನಲ್ಲಿ ಅಳುವುದು ಹೇಗೆಂದು ತಿಳಿಯದೆ ಒದ್ದಾಡಿದ. ಬೆಲ್ಟು ಇನ್ನೂ ಮೊರದಲ್ಲೇ ಇತ್ತು. ಕೊನೆಗೆ ಅಳು ತಾನೇ ಬಂತು. ಪ್ಯಾರಿಬಿ ಎದ್ದು ನೀರು ತಂದು ಕೊಟ್ಟಳು.

"ಏಳು ವರ್ಷ ಯಾಕ ಸುಮ್ನ ಇದ್ದೆಕ್ಕ? ಬೈಬೇಕಿತ್ತಿಲ್ಲೋ."

"ನೀನಾಗಿ ಹೇಳ್ಲಿ ಅಂತ ಕುಂತಿದ್ದೆ," ಎಂದು ಅಕ್ಕ ಮಗಳ ಕಡೆ ತಿರುಗಿದಳು. "ಏನ್ ಬೇ ಜಯಾ. ನಾ ಅವ್ವನಂಗ ಮಲಗೇನಿ ಅಂತ ತಿಳ್ಕೋ. ಫೋನ್ ಹಚ್ಚಿ ಕರದೆ. ನೀ ಇಂದೂರಿನಾಗ ಇದ್ದೀ. ಬರ್ತೀ, ಬರ್ತೀ, ಎಲ್ಲಾ ದಾಟಿ ಕಟ್ಟಿಸಂಗಾವಿತನಕ ಬಂದೀ. ಖರೇನ ಹೊಳಿ ಸೇತುವೆ ಮ್ಯಾಲ ಬಂದದ. ಏನ್ ಮಾಡ್ತೀ?"

ಜಯಮಾಲಾ ವಿಚಾರ ಮಾಡಲಿಲ್ಲ. "ದಂಡಿ ಮ್ಯಾಲ ಕೂಡ್ತೇನಿ. ನೀರ ಇಳಿಯೂತನಕ. ಹೊಳ್ಳಿ ಹೋಗಂಗಿಲ್ಲ."

ಅಕ್ಕ ಬುತ್ತಿಯ ಬಟ್ಟೆಯನ್ನು ಮಡಚಿ ಬದಿಗಿಟ್ಟಳು. ಆಮೇಲೆ ಗಂಡನಿಗೆ, "ಗೊಬ್ಬೂರದವ್ರಿಗೆ ಫೋನ್ ಹಚ್ರಿ. ಲಗ್ನ ಗಟ್ಟಿ ಮಾಡಿ ಕಾಯಿ ಒಡ್ಯಾಕ ಬರ್ರಿ ಅನ್ರಿ," ಎಂದಳು. ಪ್ಯಾರಿಬಿ ಜಯಮಾಲಾಳ ಎರಡೂ ಗಲ್ಲ ಹಿಡಿದು ನಟಿಕೆ ಮುರಿದಳು. ಜಯಮಾಲಾ ನಗುತ್ತಾಳೋ ಅಳುತ್ತಾಳೋ ನೋಡಲು ಅಮರನಾಥನಿಗೆ ಆಗಲಿಲ್ಲ, ಅವನ ಕಣ್ಣು ಇನ್ನೂ ಮಂಜಾಗಿತ್ತು. ಅಕ್ಕ ನಾಲ್ಕೈದು ತಟ್ಟೆ ತಂದು ಹುಳಿಬುತ್ತಿಯನ್ನು ಎಲ್ಲರಿಗೂ ಹಂಚಿದಳು; ಒಂದೊಂದು ಹಸಿಮೆಣಸಿನಕಾಯಿ, ಒಂದಿಷ್ಟು ಶೇಂಗಾ ಹಿಂಡಿ. ಅವನ ತಟ್ಟೆಗೆ ಎಲ್ಲರಿಗಿಂತ ಹೆಚ್ಚು ಬಡಿಸಿದಳು.

"ನಂಗ ಹುಳಿ ಸೇರಂಗಿಲ್ಲಕ್ಕ," ಅಂದ, ಸಣ್ಣ ದನಿಯಲ್ಲಿ.

"ಉಣ್ಣು," ಅಂದಳು.

ಉಂಡ. ಹುಳಿಯಿತ್ತು, ಆದರೂ ಕೆಟ್ಟಿರಲಿಲ್ಲ. ಅರ್ಧ ಉಂಡ ಮೇಲೆ ಎಡಗೈಯಿಂದ ಚೀಟಿ ತೆಗೆದು ಹಿಂಬದಿ ತಿರುಗಿಸಿ ಮಂಡಿಯ ಮೇಲೆ ಇಟ್ಟುಕೊಂಡ. ಎಡಗೈ ಬರಹ ಸೊಟ್ಟಗೆ ಬಂತು. "ಮತ್ತೇನ್ ಬರ್ಯಾಕತ್ತೀಯೋ, ಮುಟ್ಟಿದ್ವಲ್ಲ," ಎಂದಳು ಅಕ್ಕ. ಅವನು ಆಳಂದದಿಂದ ಜೇವರ್ಗಿ, ಎಂಬತ್ತೆರಡು ಕಿಲೋಮೀಟರು, ಏಳು ವರ್ಷ, ಎಂದು ಬರೆದು ಕೆಳಗೆ ಸಹಿ ಹಾಕಿ, ಇನ್ನಷ್ಟು ಬುತ್ತಿಗೆ ತಟ್ಟೆ ಚಾಚಿದ.